ಕೊಂಡ ಗೇಮ್ ಯಾರ ಅಪ್ಪಣೆ ಕೇಳುತ್ತದೆ? ಡಿಆರ್‌ಎಂ ಜೊತೆ ಏಗುವವರಿಗೊಂದು ಸಮಗ್ರ ಮಾರ್ಗದರ್ಶಿ

ದಸರಾ ರಜೆಗೆ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಗೆ ಹೋಗುವಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಒಬ್ಬರೇ ಕೂತು ಆಡುವ ಗೇಮ್, ದುಡ್ಡು ಕೊಟ್ಟು ತಗೊಂಡಿದ್ದು. ಬೆಂಗಳೂರಿನಲ್ಲೇ ಪೂರ್ತಿ ಡೌನ್‌ಲೋಡ್ ಮಾಡಿಕೊಂಡಿದ್ದೆ. ರಾತ್ರಿ ಊಟ ಮುಗಿಸಿ ತೆರೆದರೆ ಪರದೆ ಮೇಲೆ ಒಂದೇ ಸಾಲು: ಇಂಟರ್ನೆಟ್ ಸಂಪರ್ಕ ಬೇಕು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಪಕ್ಕದ ಕಲ್ಲಿನ ಮೇಲೆ ನಿಂತರೆ ಮಾತ್ರ. ಒಂದು ಕೈಯಲ್ಲಿ ಹಾಟ್‌ಸ್ಪಾಟ್ ಹಾಕಿದ ಫೋನು, ಇನ್ನೊಂದರಲ್ಲಿ ಲ್ಯಾಪ್‌ಟಾಪು, ಮೇಲೆ ಸೂರಿನಿಂದ ತೊಟ್ಟಿಕ್ಕುವ ನೀರು. ಮಾವ ಟಾರ್ಚ್ ಹಿಡಿದುಕೊಂಡು ಬಂದು ಕೇಳಿದರು: “ಎಂಥ ಮಾರಾಯಾ, ದುಡ್ಡು ಕೊಟ್ಟು ತಗೊಂಡದ್ದು ಅಂತೀಯ, ಮತ್ತೆ ಯಾರ ಅಪ್ಪಣೆ ಕೇಳ್ತಾ ನಿಂತಿದ್ದೀಯ?”

ಈ ಬರಹ ಪೂರ್ತಿ ಆ ಪ್ರಶ್ನೆಯ ಸುತ್ತವೇ ಇದೆ. ನಕಲು ತಡೆಯಲು ಗೇಮ್‌ಗೆ ಹಾಕುವ ಬೀಗಕ್ಕೆ ಡಿಆರ್‌ಎಂ ಅನ್ನುತ್ತಾರೆ. ಅದು ಕೆಟ್ಟದ್ದೋ ಒಳ್ಳೆಯದೋ ಅಂತ ಜಗಳ ಆಡುವುದಕ್ಕಿಂತ, ನಾವು ಕೊಳ್ಳುತ್ತಿರುವ ಗೇಮ್ ಯಾರನ್ನು, ಯಾವಾಗ, ಎಷ್ಟು ಸಲ ಕೇಳುತ್ತದೆ ಅಂತ ತಿಳಿದುಕೊಂಡರೆ ಅರ್ಧ ತಲೆನೋವು ಕಡಿಮೆ. ಬೀಗ ಒಡೆಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಹಂತ 1: ಬೀಗದ ಜಾತಿ ಗುರುತಿಸಿ

ಗೇಮ್‌ಗಳಿಗೆ ಬೀಗ ಹಾಕುವುದು ಹೊಸತೇನಲ್ಲ. 1989ರ ಪ್ರಿನ್ಸ್ ಆಫ್ ಪರ್ಷಿಯಾ ನೆನಪಿದೆಯಾ? ಅದರ ಪಿಸಿ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಕೂಡಲೇ ಒಂದು ಕೋಣೆ ತುಂಬ ಔಷಧಿ ಸೀಸೆಗಳು, ಅವುಗಳ ಮೇಲೆ ಅಕ್ಷರಗಳು. ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ಕೈಪಿಡಿ ಇಲ್ಲದವರಿಗೆ ಗತಿಯಿಲ್ಲ. ಆದರೆ ಆ ಬೀಗ ಯಾವ ಸರ್ವರನ್ನೂ ಕೇಳುತ್ತಿರಲಿಲ್ಲ. ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಮುಗಿಯಿತು, ಇವತ್ತಿಗೂ ನಡೆಯುತ್ತದೆ.

ಆಮೇಲೆ ಸಿಡಿ ಕಾಲ ಬಂತು. ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಅಂತೆಲ್ಲ. ಡ್ರೈವ್‌ನಲ್ಲಿ ಅಸಲಿ ಡಿಸ್ಕ್ ಇದೆಯಾ ಅಂತ ಇವು ನೋಡುತ್ತಿದ್ದವು. ಅದಕ್ಕಾಗಿ ವಿಂಡೋಸ್‌ನ ಒಳಹೊಟ್ಟೆಗೇ ತಮ್ಮದೊಂದು ಡ್ರೈವರ್ (ವಿಂಡೋಸ್‌ನ ಭಾಗವಾಗಿಯೇ ಓಡುವ ಸಣ್ಣ ಪ್ರೋಗ್ರಾಂ) ಸೇರಿಸುವುದೂ ಇತ್ತು. ಇದರ ಫಲ ಏನಾಯಿತು ಅಂತ ಕೊನೆಯ ಹಂತದಲ್ಲಿ ನೋಡೋಣ.

ಮೂರನೆಯದು ಲೆಕ್ಕದ ಬೀಗ. 2008ರಲ್ಲಿ ಬಂದ ಸ್ಪೋರ್ ಗೇಮನ್ನು ಮೂರೇ ಸಲ ಆಕ್ಟಿವೇಟ್ ಮಾಡಬಹುದಿತ್ತು. ಪಿಸಿ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೆ ಅದೂ ಒಂದು ಲೆಕ್ಕ. ಜನ ಸಿಟ್ಟಾಗಿ ಅಮೆಜಾನ್‌ನಲ್ಲಿ ಒಂದು ಸ್ಟಾರ್‌ನ ಮಳೆ ಸುರಿಸಿದರು. ಆಮೇಲೆ ಮೂರನ್ನು ಐದು ಮಾಡಿದರು. ತಮಾಷೆ ಅಂದರೆ ಆ ವರ್ಷ ಅತಿ ಹೆಚ್ಚು ನಕಲಾದ ಗೇಮ್‌ಗಳ ಸಾಲಿನಲ್ಲಿ ಅದರ ಹೆಸರೇ ಮುಂದಿತ್ತು.

ನಾಲ್ಕನೆಯದು ಸದಾ ಆನ್‌ಲೈನ್ ಇರಲೇಬೇಕಾದದ್ದು. 2012ರ ಮೇ 15ರಂದು ಡಯಾಬ್ಲೊ 3 ಬಿಡುಗಡೆಯಾದಾಗ ಲಾಗಿನ್ ಪರದೆಯಲ್ಲಿ ‘ಎರರ್ 37’ ನೋಡುತ್ತಾ ಕೂತವರು ಲೆಕ್ಕವಿಲ್ಲ. 2013ರ ಸಿಮ್‌ಸಿಟಿಯದ್ದೂ ಅದೇ ಕಥೆ. ಆನ್‌ಲೈನ್ ಇಲ್ಲದೆ ಆಡುವ ಅವಕಾಶ ಕೊಡಲು ಅವರಿಗೆ ಒಂದು ವರ್ಷ ಬೇಕಾಯಿತು.

ಇವತ್ತಿನ ದೊಡ್ಡ ಬೀಗ ಡೆನುವೋ. ಸೆಕ್ಯುರಾಮ್ ಮಾಡುತ್ತಿದ್ದ ಸೋನಿ ಡಿಎಡಿಸಿಯ ಒಂದು ಭಾಗವನ್ನು ಅಲ್ಲಿನವರೇ ಕೊಂಡು, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಕಟ್ಟಿದ ಕಂಪನಿ. 2014ರಲ್ಲಿ ಫಿಫಾ 15, ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್ ಮುಂತಾದವುಗಳಿಂದ ಶುರುವಾಯಿತು. 2018ರಲ್ಲಿ ಇರ್ಡೆಟೊ ಎನ್ನುವ ಕಂಪನಿ ಇದನ್ನು ಕೊಂಡುಕೊಂಡಿತು. ಇದರ ಕೆಲಸ ಹೀಗೆ: ಗೇಮ್ ಮೊದಲ ಸಲ ತೆರೆದಾಗ ನಿಮ್ಮ ಪಿಸಿಯ ಬೆರಳಚ್ಚು ತೆಗೆದು ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ಆ ಪಿಸಿಗೆ ಮಾತ್ರ ಹೊಂದುವ ಒಂದು ಟೋಕನ್, ಅಂದರೆ ಅನುಮತಿ ಚೀಟಿ, ಬರುತ್ತದೆ. ಗೇಮ್‌ನ ಕೆಲವು ತುಣುಕುಗಳು ಆ ಟೋಕನ್ ಇಲ್ಲದೆ ಕೆಲಸವೇ ಮಾಡವು. ಟೋಕನ್ ಇರುವಷ್ಟು ದಿನ ನೆಟ್ ಇಲ್ಲದೆಯೂ ಆಡಬಹುದು. ಗೇಮ್ ಅಪ್‌ಡೇಟ್ ಆದರೆ, ಹಾರ್ಡ್‌ವೇರ್ ಬದಲಾದರೆ, ಕೆಲವೊಮ್ಮೆ ವಿಂಡೋಸ್ ದೊಡ್ಡದಾಗಿ ಅಪ್‌ಡೇಟ್ ಆದರೆ ಮತ್ತೆ ಹೊಸ ಟೋಕನ್ ಬೇಕು.

ಕೊಟ್ಟಿಗೆ ಪಕ್ಕ ನಾನು ನಿಂತದ್ದು ಇದೇ ಕಾರಣಕ್ಕೆ. ಹೊರಡುವ ಹಿಂದಿನ ರಾತ್ರಿ ಗೇಮ್ ತಾನಾಗಿ ಅಪ್‌ಡೇಟ್ ಆಗಿತ್ತು. ಆಮೇಲೆ ನಾನು ಒಮ್ಮೆಯೂ ತೆರೆದಿರಲಿಲ್ಲ.

ಹಂತ 2: ದುಡ್ಡು ಕೊಡುವ ಮುಂಚೆ ಬಲಗಡೆ ನೋಡಿ

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ಹಾಗಾಗಿ ನಮ್ಮಲ್ಲಿ ಬಹಳ ಜನ ಕೊಳ್ಳುವುದು ಅಲ್ಲೇ. ಗೇಮ್‌ನ ಪುಟ ತೆರೆದ ತಕ್ಷಣ ಎಲ್ಲರ ಕಣ್ಣು ವಿಡಿಯೋ ಮೇಲೆ, ಆಮೇಲೆ ಬೆಲೆ ಮೇಲೆ. ನೀವು ಪುಟವನ್ನು ಸ್ವಲ್ಪ ಕೆಳಗೆ ಸರಿಸಿ ಬಲಗಡೆಯ ಪಟ್ಟಿ ನೋಡಿ. ‘ಸಿಂಗಲ್ ಪ್ಲೇಯರ್’, ‘ಸ್ಟೀಮ್ ಕ್ಲೌಡ್’ ಅಂತೆಲ್ಲ ಇರುತ್ತದಲ್ಲ, ಅದರ ಕೆಳಗೆ ಬೇರೆ ಬಣ್ಣದ ಡಬ್ಬಿಯಲ್ಲಿ ಈ ಸಾಲುಗಳು ಬರಬಹುದು.

‘ಇನ್‌ಕಾರ್ಪೊರೇಟ್ಸ್ ಥರ್ಡ್ ಪಾರ್ಟಿ ಡಿಆರ್‌ಎಂ: ಡೆನುವೋ ಆಂಟಿ ಟ್ಯಾಂಪರ್’ ಅಂತ ಇದ್ದರೆ ಟೋಕನ್ ಬೀಗ ಇದೆ. ಅದರ ಜೊತೆಗೆ ‘ದಿನಕ್ಕೆ 5 ಬೇರೆ ಪಿಸಿ’ ಎನ್ನುವ ಮಿತಿಯೂ ಸಾಮಾನ್ಯವಾಗಿ ಇರುತ್ತದೆ.

‘ರಿಕ್ವೈರ್ಸ್ ಥರ್ಡ್ ಪಾರ್ಟಿ ಅಕೌಂಟ್’ ಅಂತ ಇದ್ದರೆ ಇನ್ನೊಂದು ಕಂಪನಿಯ ಖಾತೆ ಬೇಕು. ಇಎ, ಯೂಬಿಸಾಫ್ಟ್ ಗೇಮ್‌ಗಳಲ್ಲಿ ಇದು ಜಾಸ್ತಿ. ಸ್ಟೀಮ್ ತೆರೆದು, ಅದು ಆ ಕಂಪನಿಯ ಲಾಂಚರ್ (ಗೇಮ್ ಶುರುಮಾಡುವ ಪ್ರೋಗ್ರಾಂ) ತೆರೆದು, ಆಮೇಲೆ ಗೇಮ್. ಅಂದರೆ ಎರಡು ಬಾಗಿಲು, ಎರಡು ಕಾವಲುಗಾರರು. ನನಗೆ ಡೆನುವೋಗಿಂತ ಜಾಸ್ತಿ ಕಿರಿಕಿರಿ ಆಗಿರುವುದು ಈ ಎರಡನೇ ಬಾಗಿಲಿನಿಂದಲೇ.

ಆಂಟಿ ಚೀಟ್ ಬೇರೆ, ಗಲಿಬಿಲಿ ಬೇಡ. ಅದು ಆನ್‌ಲೈನ್‌ನಲ್ಲಿ ಮೋಸ ಮಾಡುವವರನ್ನು ಹಿಡಿಯಲು ಇರುವುದು. ಡೆನುವೋ ಹೆಸರಲ್ಲೇ ಆಂಟಿ ಚೀಟ್ ಕೂಡ ಇದೆ. 2020ರ ಮೇ ತಿಂಗಳಲ್ಲಿ ಡೂಮ್ ಇಟರ್ನಲ್‌ಗೆ ಅದನ್ನು ಸೇರಿಸಿದಾಗ ಗಲಾಟೆಯಾಗಿ ವಾಪಸ್ ತೆಗೆದರು. ಕರ್ನಲ್ ಮಟ್ಟದಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೇ, ಕೂರುವ ಆಂಟಿ ಚೀಟ್ ಇದ್ದರೆ ಅದನ್ನೂ ಸ್ಟೀಮ್ ಪುಟದಲ್ಲಿ ಹೇಳಲೇಬೇಕು ಎನ್ನುವ ನಿಯಮ 2024ರಲ್ಲಿ ಬಂದಿದೆ.

ಡಬ್ಬಿಯಲ್ಲಿ ಏನೂ ಇಲ್ಲದಿದ್ದರೆ ಬೀಗವೇ ಇಲ್ಲ ಅಂತಲ್ಲ. ಸ್ಟೀಮ್‌ನದೇ ಒಂದು ಹಗುರ ಬೀಗ ಇದೆ. ಹಾಕಿಕೊಳ್ಳುವುದೂ ಬಿಡುವುದೂ ಗೇಮ್ ಮಾಡಿದವರ ಇಷ್ಟ. ಇದನ್ನು ತಿಳಿಯಲು ಪಿಸಿ ಗೇಮಿಂಗ್ ವಿಕಿ ಎನ್ನುವ ಜಾಲತಾಣಕ್ಕೆ ಹೋಗಿ ಗೇಮ್ ಹೆಸರು ಹುಡುಕಿ. ‘ಅವೇಲಬಿಲಿಟಿ’ ಕೋಷ್ಟಕದಲ್ಲಿ ಸ್ಟೀಮ್, ಎಪಿಕ್, ಗಾಗ್ ಹೀಗೆ ಪ್ರತಿ ಅಂಗಡಿಯ ಎದುರು ಯಾವ ಬೀಗ ಇದೆ ಅಂತ ಬರೆದಿರುತ್ತಾರೆ. ಮೊದಲು ಡೆನುವೋ ಇದ್ದು ಆಮೇಲೆ ತೆಗೆದಿದ್ದರೆ ಅದೂ ಇರುತ್ತದೆ. ಎರಡು ನಿಮಿಷದ ಕೆಲಸ.

ಹಂತ 3: ಈಗಲೇ ಬೇಕಾ, ಕಾಯಬಹುದಾ?

ಇಲ್ಲಿ ನನ್ನ ಸಲಹೆ ನೇರ. ಒಬ್ಬರೇ ಆಡುವ ಗೇಮ್ ಆಗಿದ್ದು, ಗೆಳೆಯರೆಲ್ಲ ಆಡುತ್ತಿದ್ದಾರೆ ಎನ್ನುವ ಒತ್ತಡ ಇಲ್ಲದಿದ್ದರೆ, ಕಾಯಿರಿ. ಡೆನುವೋ ಬೀಗಕ್ಕೆ ಪ್ರಕಾಶಕರು ದುಡ್ಡು ಕೊಡುತ್ತಲೇ ಇರಬೇಕು. ಮಾರಾಟದ ಬಿಸಿ ಇಳಿದ ಮೇಲೆ ಎಷ್ಟೋ ಜನ ತೆಗೆದುಬಿಡುತ್ತಾರೆ. ಡೂಮ್ 2016ರ ಮೇ ತಿಂಗಳಲ್ಲಿ ಬಂತು, ಅದೇ ಡಿಸೆಂಬರ್‌ನಲ್ಲಿ ಡೆನುವೋ ಹೋಯಿತು.

ಬೀಗ ಹಾಕುವವರ ಕಡೆಯ ಲೆಕ್ಕವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. 2014ರಿಂದ 2022ರವರೆಗಿನ 86 ಡೆನುವೋ ಗೇಮ್‌ಗಳನ್ನು ನೋಡಿದ ಒಂದು ಅಧ್ಯಯನದ ಪ್ರಕಾರ, ಬಿಡುಗಡೆಯಾದ ಕೂಡಲೇ ಬೀಗ ಒಡೆದರೆ ಆದಾಯದಲ್ಲಿ ಸರಾಸರಿ ಶೇಕಡಾ 20ರಷ್ಟು ಹೊಡೆತ. ಹನ್ನೆರಡು ವಾರ ದಾಟಿದ ಮೇಲೆ ಒಡೆದರೆ ನಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ಮೂರು ತಿಂಗಳಾದ ಮೇಲೂ ಉಳಿಯುವ ಬೀಗ ಕಾಡುವುದು ದುಡ್ಡು ಕೊಟ್ಟವರನ್ನೇ, ಅಲ್ವಾ?

ಕಾಯುವುದರಲ್ಲಿ ಬೆಲೆ ಇಳಿಯುವ ಲಾಭ ಬೇರೆ. ಗೇಮ್ ಓಡುವ ರೀತಿಯೂ ಕೆಲವೊಮ್ಮೆ ಸುಧಾರಿಸುತ್ತದೆ. 2011ರ ವಿಚರ್ 2ರಲ್ಲಿ ಮೊದಲ ದೊಡ್ಡ ಪ್ಯಾಚ್ (ತಯಾರಕರ ತಿದ್ದುಪಡಿ) ಬೀಗ ತೆಗೆದಾಗ ಓಟ ಚುರುಕಾಯಿತು. 2021ರ ರೆಸಿಡೆಂಟ್ ಈವಿಲ್ ವಿಲೇಜ್‌ನಲ್ಲಿ ಗುಂಡು ಹೊಡೆದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ಅದನ್ನು ಕ್ಯಾಪ್ಕಾಮ್ ಜುಲೈನಲ್ಲಿ ಸರಿಪಡಿಸಿತು, ನಕಲು ತಡೆ ತಂತ್ರವನ್ನು ತಿದ್ದಿದ್ದೇವೆ ಅಂತ ಹೇಳಿಕೊಂಡೇ. ಹಾಗಂತ ಪ್ರತಿ ಜರ್ಕ್‌ಗೂ ಡೆನುವೋಗೆ ಬೈಯಬೇಡಿ. ಗ್ರಾಫಿಕ್ಸ್ ಕಾರ್ಡ್ ಹಳೆಯದಾಗಿದ್ದರೆ ಯಾವ ಬೀಗ ತೆಗೆದರೂ ಅಷ್ಟೇ.

ಕಾಯುವುದಕ್ಕೂ ಮುಂಚೆ ಒಮ್ಮೆ ಗಾಗ್ ನೋಡಿ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಶುರುಮಾಡಿದ ಅಂಗಡಿ ಇದು. ಇಲ್ಲಿ ಮಾರುವ ಗೇಮ್‌ಗಳಿಗೆ ಡಿಆರ್‌ಎಂ ಇಲ್ಲ ಎನ್ನುವುದೇ ಇವರ ಬಂಡವಾಳ. 2021ರಲ್ಲಿ ಹಿಟ್‌ಮ್ಯಾನ್ ಅನ್ನು ಇಲ್ಲಿ ಮಾರಾಟಕ್ಕೆ ಇಟ್ಟಾಗ, ಅದರ ಅರ್ಧ ಆಟ ಸರ್ವರ್ ಇಲ್ಲದೆ ನಡೆಯದು ಅಂತ ಜನ ರೇಗಿದರು. ಕೆಲವೇ ವಾರಗಳಲ್ಲಿ ಗಾಗ್ ಅದನ್ನು ತೆಗೆದುಹಾಕಿತು. ಸಣ್ಣ ತಂಡಗಳ ಗೇಮ್ ಬೇಕಿದ್ದರೆ ಇಚ್ ಡಾಟ್ ಐಒ ಕೂಡ ಒಳ್ಳೆಯ ಜಾಗ.

ಹಂತ 4: ಕೊಂಡ ದಿನವೇ ನೆಟ್ ಕಿತ್ತು ನೋಡಿ

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಎರಡು ಗಂಟೆಯಲ್ಲಿ ಹತ್ತು ನಿಮಿಷ ಪರೀಕ್ಷೆಗೆ ಇಟ್ಟುಕೊಳ್ಳಿ.

ನೆಟ್ ಇದ್ದಾಗ ಗೇಮ್ ತೆರೆದು, ಮುಖ್ಯ ಪರದೆಯಲ್ಲಿ ನಿಲ್ಲದೆ ನಿಜವಾಗಿ ಆಟದೊಳಗೆ ಹೋಗಿ, ಒಂದು ಸಲ ಸೇವ್ ಮಾಡಿ ಹೊರಬನ್ನಿ. ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ. ಈಗ ವೈಫೈ ಕೂಡ ಆಫ್ ಮಾಡಿ. ಮತ್ತೆ ತೆರೆಯಿರಿ. ಸೇವ್ ಮಾಡಿದ ಜಾಗದಿಂದ ಆಟ ಮುಂದುವರಿದರೆ ಸರಿ. ‘ಸಂಪರ್ಕ ಬೇಕು’ ಅಂದರೆ, ಅಥವಾ ಸೇವ್ ಕಾಣದಿದ್ದರೆ, ನಿಮ್ಮ ಊರು, ನಿಮ್ಮ ನೆಟ್, ನಿಮ್ಮ ಕರೆಂಟ್ ನೆನೆಸಿಕೊಂಡು ತೀರ್ಮಾನಿಸಿ. ಬೆಂಗಳೂರಿನ ಫೈಬರ್ ಮನೆಯಲ್ಲಿ ಲೆಕ್ಕಕ್ಕೆ ಬಾರದ ಬೀಗ ಕಳಸದಲ್ಲೋ ಜೋಯಿಡಾದಲ್ಲೋ ದೊಡ್ಡ ಗೋಡೆಯಾಗುತ್ತದೆ.

ಒಂದು ಎಚ್ಚರಿಕೆ. ಇವತ್ತು ಪಾಸಾದ ಗೇಮ್ ತಿಂಗಳ ನಂತರವೂ ಪಾಸಾಗುತ್ತದೆ ಅಂತ ಇಲ್ಲ, ಟೋಕನ್‌ಗೂ ಆಯುಸ್ಸು ಇರುತ್ತದೆ.

ಹಂತ 5: ಊರಿಗೆ ಹೊರಡುವ ಹಿಂದಿನ ರಾತ್ರಿ

ಇದು ನಾನು ಪೆಟ್ಟು ತಿಂದು ಕಲಿತದ್ದು. ಬ್ಯಾಗ್ ತುಂಬುವ ಮುಂಚೆ ಮೊದಲು ವಿಂಡೋಸ್ ಅಪ್‌ಡೇಟ್ ಮುಗಿಸಿ, ರೀಸ್ಟಾರ್ಟ್ ಮಾಡಿ. ಆಮೇಲೆ ಗ್ರಾಫಿಕ್ಸ್ ಡ್ರೈವರ್. ಆಮೇಲೆ ಗೇಮ್ ಅಪ್‌ಡೇಟ್. ಇಷ್ಟೂ ಆದ ಮೇಲೆ ಪ್ರತಿ ಗೇಮನ್ನೂ ಒಂದೊಂದು ಸಲ ತೆರೆದು ಆಟದೊಳಗೆ ಹೋಗಿ ಬನ್ನಿ. ಈ ಕ್ರಮ ತಪ್ಪಿಸಬೇಡಿ. ಗೇಮ್ ತೆರೆದು ನೋಡಿ ಆಮೇಲೆ ವಿಂಡೋಸ್ ಅಪ್‌ಡೇಟ್ ಮಾಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೊನೆಗೆ ಸ್ಟೀಮ್ ಆಫ್‌ಲೈನ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿ. ಊರು ಮುಟ್ಟಿದ ಮೇಲೆ ಯಾರದೋ ಹಾಟ್‌ಸ್ಪಾಟ್ ಸಿಕ್ಕಿತು ಅಂತ ಆನ್‌ಲೈನ್ ಹೋಗಬೇಡಿ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಇರುವ ಗೇಮೂ ಹೋಯಿತು.

ಹಂತ 6: ನಿಮ್ಮದೇ ಪ್ರತಿ ಇಟ್ಟುಕೊಳ್ಳಿ

ಗಾಗ್‌ನಲ್ಲಿ ಕೊಂಡಿದ್ದರೆ ಇದು ಸುಲಭ. ಬ್ರೌಸರ್‌ನಲ್ಲಿ ಲಾಗಿನ್ ಆಗಿ, ನಿಮ್ಮ ಲೈಬ್ರರಿಯಲ್ಲಿ ಗೇಮ್ ಮೇಲೆ ಒತ್ತಿ, ‘ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ಸ್’ ಎನ್ನುವ ಜಾಗಕ್ಕೆ ಬನ್ನಿ. ಆಪರೇಟಿಂಗ್ ಸಿಸ್ಟಮ್, ಭಾಷೆ ಆರಿಸಿ. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲು, ಅದರ ಜೊತೆ ಡಾಟ್ ಬಿನ್ ಎಂದು ಮುಗಿಯುವ ಸುಮಾರು 4 ಜಿಬಿಯ ತುಂಡುಗಳು ಇರುತ್ತವೆ. ಎಲ್ಲವೂ ಬೇಕು. ಒಂದು ತುಂಡು ಬಿಟ್ಟರೂ ಇನ್‌ಸ್ಟಾಲ್ ಮಧ್ಯದಲ್ಲಿ ಕೈಕೊಡುತ್ತದೆ. ಡಿಎಲ್‌ಸಿಗಳು, ಅಂದರೆ ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗಗಳು, ಬೇರೆಯಾಗಿ ಪಟ್ಟಿಯಲ್ಲಿ ಇರುತ್ತವೆ, ಮರೆಯಬೇಡಿ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಮತ್ತು ತಾರೀಕು ಬರೆಯಿರಿ.

ಆಮೇಲೆ ಮನೆಯಲ್ಲಿ ಇನ್ನೊಂದು ಪಿಸಿ ಇದ್ದರೆ, ಅದರ ನೆಟ್ ತೆಗೆದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಒಮ್ಮೆ ಹಾಕಿ ನೋಡಿ. ಈ ಕೆಲಸ ಮಾಡುವವರು ಕಡಿಮೆ. ನನ್ನ ಡಿಸ್ಕ್‌ನಲ್ಲಿ ಹನ್ನೊಂದು ಗೇಮ್ ಇದೆ ಅಂದುಕೊಂಡಿದ್ದೆ, ಹಾಕಿ ನೋಡಿದರೆ ಒಂಬತ್ತು. ಎರಡರ ಡೌನ್‌ಲೋಡ್ ಅರ್ಧಕ್ಕೇ ನಿಂತಿತ್ತು.

ಸ್ಟೀಮ್‌ನಲ್ಲೂ ‘ಬ್ಯಾಕಪ್ ಗೇಮ್ ಫೈಲ್ಸ್’ ಇದೆ. ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್. ಇದರಿಂದ ಉಳಿಯುವುದು ಡೇಟಾ ಮಾತ್ರ. ವಾಪಸ್ ಹಾಕಲು ಸ್ಟೀಮ್ ಬೇಕೇ ಬೇಕು. ನೀವು ಕೊಳ್ಳುತ್ತಿರುವುದು ಗೇಮ್ ಅಲ್ಲ, ಲೈಸೆನ್ಸ್ ಅಂತ 2024ರ ಅಕ್ಟೋಬರ್‌ನಿಂದ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲೇ ಹೇಳುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಬಂದ ಹೊಸ ಕಾನೂನಿನ ಹೊತ್ತಿನಲ್ಲಿ ಆದ ಬದಲಾವಣೆ ಅದು. ಸೇವ್ ಫೈಲ್‌ಗಳು ಮಾತ್ರ ಎಲ್ಲಿದ್ದರೂ ನಿಮ್ಮವೇ. ಅವು ಯಾವ ಫೋಲ್ಡರ್‌ನಲ್ಲಿವೆ ಅಂತ ಪಿಸಿ ಗೇಮಿಂಗ್ ವಿಕಿಯಲ್ಲೇ ಇರುತ್ತದೆ, ನಕಲು ಮಾಡಿಟ್ಟುಕೊಳ್ಳಿ.

ಹೀಗೆ ಪ್ರತಿ ಇಟ್ಟುಕೊಳ್ಳುವುದು ತಪ್ಪಾ? ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ಸರಿಯಾಗಿ ಕೊಂಡವರು ಕಂಪ್ಯೂಟರ್ ಪ್ರೋಗ್ರಾಂ ಹಾಳಾಗುವ, ಕಳೆದುಹೋಗುವ ಭಯಕ್ಕೆ ಬ್ಯಾಕಪ್ ಇಟ್ಟುಕೊಳ್ಳಲು ಬಿಡುತ್ತದೆ. ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಎನ್ನುತ್ತದೆ. ಕ್ರ್ಯಾಕ್, ಅಂದರೆ ಬೀಗ ಒಡೆಯುವ ಫೈಲ್, ಅದರ ಬಗ್ಗೆ ನಾನು ಬರೆಯದಿರಲು ಇದೊಂದು ಕಾರಣ. ಇನ್ನೊಂದು, ಕ್ರ್ಯಾಕ್ ಹೆಸರಲ್ಲಿ ಬರುವ ಫೈಲನ್ನು ಓಡಿಸಲು ಆಂಟಿವೈರಸ್ ಆಫ್ ಮಾಡಿ ಅಂತಾರೆ. ಅಪರಿಚಿತರ ಮಾತು ಕೇಳಿ ಮನೆಯ ನಾಯಿ ಕಟ್ಟಿಹಾಕಿ ಬಾಗಿಲು ತೆರೆದಿಟ್ಟ ಹಾಗೆ.

ಹಂತ 7: ಗೇಮ್ ತೆರೆಯುತ್ತಿಲ್ಲ, ಏನು ಮಾಡುವುದು?

ಡೆನುವೋದ ದಿನಕ್ಕೆ ಐದು ಪಿಸಿಯ ಮಿತಿ ಮೀರಿದೆ ಅಂತ ಬಂದರೆ 24 ಗಂಟೆ ಸುಮ್ಮನಿರಿ. ಮತ್ತೆ ಮತ್ತೆ ಒತ್ತಿದರೆ ಪ್ರಯೋಜನ ಇಲ್ಲ. ಸ್ಟೀಮ್ ಡೆಕ್ (ಕೈಯಲ್ಲಿ ಹಿಡಿದು ಆಡುವ ಪುಟ್ಟ ಪಿಸಿ) ಅಥವಾ ಲಿನಕ್ಸ್ ಇರುವವರು ಇದರಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಗೇಮ್ ಸರಿಯಾಗಿ ಓಡುತ್ತಿಲ್ಲ ಅಂತ ವಿಂಡೋಸ್ ಗೇಮ್‌ಗಳನ್ನು ಅಲ್ಲಿ ಓಡಿಸುವ ಪ್ರೋಟಾನ್‌ನ ಆವೃತ್ತಿ ಬದಲಾಯಿಸಿ ಬದಲಾಯಿಸಿ ನೋಡಿದರೆ, ಪ್ರತಿ ಬದಲಾವಣೆಯೂ ಡೆನುವೋ ಕಣ್ಣಿಗೆ ಹೊಸ ಪಿಸಿ. ಐದು ಸಲಕ್ಕೆ ಬಾಗಿಲು ಬಂದ್.

ಹೊಸ ಪ್ರೊಸೆಸರ್‌ನಿಂದ ತೊಂದರೆಯಾದದ್ದೂ ಇದೆ. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರು ಬಂದಾಗ ಅದರಲ್ಲಿ ಎರಡು ಬಗೆಯ ಕೋರ್‌ಗಳಿದ್ದವು. ಡಿಆರ್‌ಎಂಗೆ ಅದು ಎರಡು ಬೇರೆ ಪಿಸಿಯಂತೆ ಕಂಡಿತು. ಐವತ್ತಕ್ಕೂ ಹೆಚ್ಚು ಗೇಮ್‌ಗಳು ಕೈಕೊಟ್ಟವು. ಇಂಟೆಲ್ ಕೊಟ್ಟ ಉಪಾಯ ಕೇಳಿ: ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಪಿಸಿಯ ಮೂಲ ಸೆಟ್ಟಿಂಗ್ ಪರದೆ) ಒಂದು ಸೆಟ್ಟಿಂಗ್ ಆನ್ ಮಾಡಿ, ಗೇಮ್ ತೆರೆಯುವ ಮುಂಚೆ ಸ್ಕ್ರೋಲ್ ಲಾಕ್ ಒತ್ತುವುದು! ಮೂವತ್ತು ವರ್ಷದಿಂದ ಕೀಬೋರ್ಡ್‌ನಲ್ಲಿ ಸುಮ್ಮನೆ ಕೂತಿದ್ದ ಆ ಕೀಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಆಮೇಲೆ ಪ್ಯಾಚ್‌ಗಳು ಬಂದವು. ಇವತ್ತು ಇಂಥದ್ದು ಕಂಡರೆ ಮೊದಲು ಗೇಮ್ ಅಪ್‌ಡೇಟ್ ಮಾಡಿ, ಆಮೇಲೆ ವಿಂಡೋಸ್.

ಕೆಲವೊಮ್ಮೆ ತಪ್ಪು ನಿಮ್ಮದಲ್ಲವೇ ಅಲ್ಲ. 2021ರ ನವೆಂಬರ್‌ನಲ್ಲಿ ಡೆನುವೋದ ಒಂದು ಡೊಮೇನ್ (ಜಾಲ ವಿಳಾಸ) ಅವಧಿ ಮುಗಿದು, ಶ್ಯಾಡೋ ಆಫ್ ದಿ ಟೂಂಬ್ ರೇಡರ್‌ನಂಥ ಗೇಮ್‌ಗಳು ಕೆಲ ಗಂಟೆ ತೆರೆಯಲೇ ಇಲ್ಲ. ಹಾಗಾಗಿ ಗೇಮ್ ಅಳಿಸಿ 80 ಜಿಬಿ ಮತ್ತೆ ಇಳಿಸುವ ಮುಂಚೆ, ಬೇರೆಯವರಿಗೂ ಹೀಗೇ ಆಗುತ್ತಿದೆಯಾ ಅಂತ ಒಮ್ಮೆ ಹುಡುಕಿ.

ಸರ್ವರ್ ಶಾಶ್ವತವಾಗಿ ಮುಚ್ಚಿದರೆ ಮಾತ್ರ ಯಾವ ಹಂತವೂ ಕೆಲಸಕ್ಕೆ ಬಾರದು. ಯೂಬಿಸಾಫ್ಟ್‌ನ ‘ದಿ ಕ್ರೂ’ ಎನ್ನುವ ಗೇಮ್ 2024ರ ಮಾರ್ಚ್ 31ಕ್ಕೆ ಹಾಗೆ ನಿಂತುಹೋಯಿತು. ಡಿಸ್ಕ್ ಕೊಂಡವರ ಕೈಯಲ್ಲಿ ಉಳಿದದ್ದು ಹೊಳೆಯುವ ತಟ್ಟೆ. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು ಅದರಿಂದಲೇ. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು.

ಹಂತ 8: ಅಟ್ಟದ ಮೇಲಿನ ಹಳೇ ಸಿಡಿಗಳು

ಮನೆಯಲ್ಲಿ 2000ದ ಆಸುಪಾಸಿನ ಅಸಲಿ ಗೇಮ್ ಸಿಡಿ ಇದೆಯಾ? ವಿಂಡೋಸ್ 10ರಲ್ಲೋ 11ರಲ್ಲೋ ಹಾಕಿದರೆ ಇನ್‌ಸ್ಟಾಲ್ ಆಗಬಹುದು, ಆದರೆ ಎಷ್ಟೋ ಗೇಮ್‌ಗಳು ತೆರೆಯುವುದಿಲ್ಲ. ಸೇಫ್‌ಡಿಸ್ಕ್‌ನ ಡ್ರೈವರ್‌ನಲ್ಲಿ ಭದ್ರತೆಯ ತೂತಿತ್ತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ವಿಂಡೋಸ್ 7, 8ರಲ್ಲೂ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಸಿಡಿ ಸರಿಯಿದೆ, ಕೀ ಸರಿಯಿದೆ, ಕೇಳಬೇಕಾದ ಕಾವಲುಗಾರನೇ ಇಲ್ಲ.

ಯಾವುದೋ ಜಾಲತಾಣದಿಂದ ಆ ಹಳೇ ಡ್ರೈವರ್ ತಂದು ಹಾಕಬೇಡಿ, ತೂತು ಅದರ ಜೊತೆಗೇ ಬರುತ್ತದೆ. ಮೊದಲು ಆ ಗೇಮ್‌ನ ಕೊನೆಯ ಅಧಿಕೃತ ಪ್ಯಾಚ್ ಹುಡುಕಿ. ಎಷ್ಟೋ ಗೇಮ್‌ಗಳಲ್ಲಿ ಕೊನೆಯ ಪ್ಯಾಚ್ ಸಿಡಿ ಪರೀಕ್ಷೆಯನ್ನು ತೆಗೆದಿರುತ್ತದೆ. ಇಲ್ಲದಿದ್ದರೆ ಗಾಗ್‌ನಲ್ಲಿ ಅದೇ ಗೇಮ್ ಇದೆಯಾ ನೋಡಿ, ಸೇಲ್‌ನಲ್ಲಿ ಒಂದು ಮಸಾಲೆ ದೋಸೆ ದುಡ್ಡಿಗೆ ಸಿಗುವುದೂ ಉಂಟು. ಡಬ್ಬಿಯೊಳಗಿನ ಕೀಯನ್ನು ಸ್ಟೀಮ್‌ನಲ್ಲಿ ಹಾಕಿ ನೋಡಿ. ಕೆಲವು ಹಳೇ ಕೀಗಳನ್ನು ಅದು ಒಪ್ಪುತ್ತದೆ.

ಇದ್ಯಾವುದೂ ಆಗದಿದ್ದರೆ ಉಳಿಯುವುದು ಹಳೇ ವಿಂಡೋಸ್ ಎಕ್ಸ್‌ಪಿ ಪಿಸಿ. ಅದಕ್ಕೆ ನೆಟ್ ಕೇಬಲ್ ಹಾಕಬೇಡಿ, 2014ರ ಏಪ್ರಿಲ್‌ನಿಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಆಸರೆ ಇಲ್ಲ. ಹೊಸದಾಗಿ ಎಕ್ಸ್‌ಪಿ ಹಾಕುತ್ತೇನೆ ಅಂದುಕೊಂಡರೆ, 30 ದಿನದೊಳಗೆ ಅದೂ ಆಕ್ಟಿವೇಷನ್ ಕೇಳುತ್ತದೆ. ಹಾಗಾಗಿ ಈಗಾಗಲೇ ಆಕ್ಟಿವೇಟ್ ಆಗಿರುವ ಹಳೇ ಡಬ್ಬ ಮೂಲೆಯಲ್ಲಿದ್ದರೆ, ಹಬ್ಬದ ಮುಂಚೆ ಮನೆ ಗುಡಿಸುವಾಗ ಅದನ್ನು ಗುಜರಿಯವನಿಗೆ ಕೊಡಬೇಡಿ ಅಂತ ಅಮ್ಮನಿಗೆ ಈಗಲೇ ಹೇಳಿಡಿ.